ಸಂಕರಣ: ಗೆಡ್ಡೆ ಹೂಗಳಲ್ಲಿ ಹೊಸ ತಳಿ ಹುಟ್ಟುವ ಬಗೆ

ಒಂದು ಗಿಡದ ಪರಾಗವನ್ನು ಗುಣದಲ್ಲಿ ಅದಕ್ಕಿಂತ ಬೇರೆಯಾದ ಇನ್ನೊಂದು ಗಿಡದ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣುಭಾಗದ ತುದಿಗೆ, ಉದ್ದೇಶಪೂರ್ವಕವಾಗಿ ಮುಟ್ಟಿಸಿ, ಅದರಿಂದ ಕಟ್ಟಿದ ಬೀಜವನ್ನು ಬಿತ್ತಿ ಬೆಳೆಸಿ, ಹುಟ್ಟಿದ ಸಸಿಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಕ್ರಿಯೆಗೆ ಸಂಕರಣ ಎಂದು ಹೆಸರು. ಹೀಗೆ ಬಂದ ಗಿಡವನ್ನು ಸಂಕರ ತಳಿ ಎಂದೂ, ಕೃಷಿಕರ ಮಾತಿನಲ್ಲಿ ಅಡ್ಡತಳಿ ಅಥವಾ ಹೈಬ್ರಿಡ್ ಎಂದೂ ಕರೆಯುತ್ತಾರೆ. ಪರಾಗ ಮುಟ್ಟಿಸುವುದು, ಬೆಳೆಸುವುದು, ಆರಿಸುವುದು ಎಂಬ ಮೂರೂ ಸೇರಿದರೆ ಮಾತ್ರ ಸಂಕರಣ ಪೂರ್ಣವಾಗುತ್ತದೆ. ಆದರೆ ರೂಢಿಯಲ್ಲಿ ಈ ಪದವನ್ನು ಮೊದಲನೆಯ ಕ್ರಿಯೆಗಷ್ಟೇ ಸೀಮಿತಗೊಳಿಸಿ ಬಳಸುವುದರಿಂದ, ಹವ್ಯಾಸಿಗಳ ಶ್ರಮದ ಬಹುಪಾಲು ಎಲ್ಲಿದೆ ಎಂಬುದು ಮರೆಯಾಗಿಬಿಡುತ್ತದೆ.

ಹೈಬ್ರಿಡ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಟೊಮೆಟೊ, ಮೆಕ್ಕೆಜೋಳಗಳ ಬಿತ್ತನೆ ಬೀಜ. ಅಂಥ ಬೆಳೆಯಿಂದ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಮೊದಲಿನ ಗುಣ ಉಳಿಯುವುದಿಲ್ಲ, ಆದ್ದರಿಂದ ಪ್ರತಿ ಹಂಗಾಮಿಗೂ ಹೊಸ ಬೀಜ ಕೊಳ್ಳಬೇಕು ಎಂಬುದು ರೈತರಿಗೆಲ್ಲ ತಿಳಿದದ್ದೇ. ಗೆಡ್ಡೆಯಿಂದ ಬೆಳೆಯುವ ಹೂಗಿಡಗಳಲ್ಲಿ ಈ ತೊಡಕು ಇಲ್ಲ. ಇವಕ್ಕೆ ಸಂತಾನದ ದಾರಿಗಳು ಎರಡು. ಬೀಜದ ದಾರಿಯಲ್ಲಿ ತಂದೆ ತಾಯಿಗಳ ಗುಣಗಳು ಹೊಸದಾಗಿ ಬೆರೆತು, ಒಂದೇ ಕಾಯಿಯ ಸಸಿಗಳೂ ಒಂದರಂತೆ ಒಂದು ಇರುವುದಿಲ್ಲ. ಗೆಡ್ಡೆಯ ದಾರಿಯಲ್ಲಿ ಮರಿಗೆಡ್ಡೆಗಳು ತಾಯಿಗೆಡ್ಡೆಯ ಯಥಾಪ್ರತಿಯಾಗಿಯೇ ಹುಟ್ಟುತ್ತವೆ. ಅಂದರೆ ನೂರು ಸಸಿಗಳಲ್ಲಿ ಒಂದೇ ಒಂದು ಚೆನ್ನಾಗಿದ್ದರೂ ಸಾಕು, ಆ ಒಂದನ್ನು ಗೆಡ್ಡೆಯ ಮೂಲಕ ಎಷ್ಟು ಕಾಲ ಬೇಕಾದರೂ ಉಳಿಸಿಕೊಳ್ಳಬಹುದು. ಪ್ರಯೋಗಾಲಯವಾಗಲಿ ವಿಶಾಲ ಹೊಲವಾಗಲಿ ಇಲ್ಲದ ಸಾಮಾನ್ಯ ಜನರು ಈ ಕೆಲಸದಲ್ಲಿ ದೊಡ್ಡ ಸಾಧನೆ ಮಾಡಲು ಸಾಧ್ಯವಾದದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನಾನು ಭಾವಿಸುತ್ತೇನೆ.

ನಮ್ಮ ನರ್ಸರಿಗಳಲ್ಲಿ ಅಮರಿಲ್ಲಿಸ್ ಎಂಬ ಹೆಸರಿನಲ್ಲಿ ಮಾರುವ, ಬೇಸಿಗೆಯಲ್ಲಿ ದಪ್ಪ ದಂಟಿನ ತುದಿಗೆ ಕಹಳೆಯಂಥ ದೊಡ್ಡ ಹೂ ಬಿಡುವ ಗಿಡ ಇದಕ್ಕೆ ಒಳ್ಳೆಯ ಉದಾಹರಣೆ. ಸಸ್ಯಶಾಸ್ತ್ರದಲ್ಲಿ ಇದರ ಕುಲ ಹಿಪ್ಪಿಯಾಸ್ಟ್ರಮ್. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕದ ಬೇರೊಂದು ಗಿಡ. ಹಿಪ್ಪಿಯಾಸ್ಟ್ರಮ್‌ನ ಕಾಡು ಪ್ರಭೇದಗಳ ತವರು ಬ್ರೆಜಿಲ್, ಬೊಲಿವಿಯ, ಪೆರು ಮೊದಲಾದ ದಕ್ಷಿಣ ಅಮೆರಿಕದ ದೇಶಗಳು. ಈ ಕುಲದ ಮೊದಲ ಸಂಕರ ತಳಿಯನ್ನು 1799ರಲ್ಲಿ ಪಡೆದವರು ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಪ್ರೆಸ್ಕಟ್ ಊರಿನ ಆರ್ಥರ್ ಜಾನ್ಸನ್. ವೃತ್ತಿಯಿಂದ ಗಡಿಯಾರ ತಯಾರಕರಾಗಿದ್ದ ಅವರು ಹಿಪ್ಪಿಯಾಸ್ಟ್ರಮ್ ರೆಜಿನೆ ಮತ್ತು ಹಿಪ್ಪಿಯಾಸ್ಟ್ರಮ್ ವಿಟ್ಟಾಟಮ್ ಎಂಬ ಎರಡು ಪ್ರಭೇದಗಳನ್ನು ಕೂಡಿಸಿದರು. ಮೊದಲನೆಯದರ ಕೆಂಪೂ ಎರಡನೆಯದರ ಬಿಳಿಯ ಪಟ್ಟೆಯೂ ಸೇರಿ ಬಂದ ಗಿಡಕ್ಕೆ ಅವರ ಹೆಸರಿನಿಂದಲೇ ಜಾನ್ಸೋನಿಯೈ ಎಂದು ಹೆಸರಾಯಿತು. ಆ ಹೆಸರಿನ ಗಿಡವನ್ನು ಅಮೆರಿಕದ ದಕ್ಷಿಣ ರಾಜ್ಯಗಳ ಹಳೆಯ ತೋಟಗಳಲ್ಲಿ ಈಗಲೂ ಬೆಳೆಸುತ್ತಾರೆ.

ಜಾನ್ಸನ್ನರ ಅನಂತರದ ತಲೆಮಾರಿನಲ್ಲಿ ಈ ಕೆಲಸಕ್ಕೆ ಶಾಸ್ತ್ರದ ಗಟ್ಟಿತನ ತಂದವರು ವಿಲಿಯಂ ಹರ್ಬರ್ಟ್. ಚರ್ಚಿನ ಪಾದ್ರಿಯಾಗಿದ್ದು, ಕೊನೆಯ ವರ್ಷಗಳಲ್ಲಿ ಮ್ಯಾಂಚೆಸ್ಟರಿನ ಡೀನ್ ಹುದ್ದೆಯಲ್ಲಿದ್ದ ಅವರು ಹಿಪ್ಪಿಯಾಸ್ಟ್ರಮ್ ಎಂಬ ಹೆಸರನ್ನೇ ಕೊಟ್ಟವರು. ಈ ಸಸ್ಯಕುಟುಂಬದ ಮೇಲಿನ ಅವರ ಗ್ರಂಥ 1837ರಲ್ಲಿ ಪ್ರಕಟವಾಯಿತು. ಅವರ ಒಂದು ಪ್ರಯೋಗವನ್ನು ಚಾರ್ಲ್ಸ್ ಡಾರ್ವಿನ್ 1859ರ ತಮ್ಮ ಪ್ರಸಿದ್ಧ ಕೃತಿಯ ಸಂಕರ ಸಂತಾನದ ಅಧ್ಯಾಯದಲ್ಲಿ ವಿವರವಾಗಿ ಉಲ್ಲೇಖಿಸಿದ್ದಾರೆ. ಹಿಪ್ಪಿಯಾಸ್ಟ್ರಮ್ ಔಲಿಕಮ್ ಪ್ರಭೇದದ ಒಂದೇ ಗೆಡ್ಡೆಯಲ್ಲಿ ಅರಳಿದ ನಾಲ್ಕು ಹೂಗಳಲ್ಲಿ ಮೂರಕ್ಕೆ ಹರ್ಬರ್ಟ್ ಅವುಗಳದೇ ಪರಾಗವನ್ನು ಕೊಟ್ಟರು. ನಾಲ್ಕನೆಯದಕ್ಕೆ ಮೂರು ಪ್ರಭೇದಗಳು ಬೆರೆತಿದ್ದ ಒಂದು ಸಂಕರ ಗಿಡದ ಪರಾಗವನ್ನು ಕೊಟ್ಟರು. ಮೊದಲ ಮೂರು ಹೂಗಳ ಅಂಡಾಶಯಗಳು ಬೇಗನೆ ಬೆಳವಣಿಗೆ ನಿಲ್ಲಿಸಿ ಕೆಲವೇ ದಿನಗಳಲ್ಲಿ ಬಾಡಿದವು. ನಾಲ್ಕನೆಯದು ಮಾತ್ರ ಕಾಯಾಗಿ ಬಲಿತು, ಚೆನ್ನಾಗಿ ಮೊಳೆಯುವ ಬೀಜ ಕೊಟ್ಟಿತು. ಸ್ವಂತ ಪರಾಗವನ್ನು ಗಿಡವೇ ತಿರಸ್ಕರಿಸುವ ಈ ಗುಣಕ್ಕೆ ಸ್ವಯಂ ಅಸಾಮರಸ್ಯ ಎನ್ನಬಹುದು. ಕಾಡು ಹಿಪ್ಪಿಯಾಸ್ಟ್ರಮ್‌ಗಳಲ್ಲಿ ಇದು ಸಾಮಾನ್ಯ. ಒಂದೇ ತಾಯಿಗೆಡ್ಡೆಯಿಂದ ಬಂದ ಹತ್ತು ಕುಂಡಗಳು ಅಕ್ಕಪಕ್ಕ ಅರಳಿದರೂ ಕೆಲವೊಮ್ಮೆ ಕಾಯಿ ಕಟ್ಟದಿರುವುದಕ್ಕೆ ಕಾರಣ ಇಲ್ಲಿದೆ, ಏಕೆಂದರೆ ಆನುವಂಶಿಕವಾಗಿ ಆ ಹತ್ತೂ ಒಂದೇ ಗಿಡ.

ಕ್ರಿಯೆಯನ್ನು ನೋಡಿದರೆ, ಈ ಹೂವಿನ ರಚನೆ ಹೊಸಬರಿಗೆ ಬಹಳ ಅನುಕೂಲಕರವಾಗಿದೆ: ಆರು ಕೇಸರಗಳು ಮತ್ತು ಉದ್ದನೆಯ ಒಂದು ಶಲಾಕೆ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಹೂ ಅರಳಿದ ಸ್ವಲ್ಪ ಹೊತ್ತಿಗೇ ಪರಾಗಕೋಶಗಳು ಒಡೆದು ಹಳದಿ ಪುಡಿಯನ್ನು ಹೊರಚೆಲ್ಲುತ್ತವೆ. ಶಲಾಕಾಗ್ರವು ಒಂದೆರಡು ದಿನ ತಡವಾಗಿ ಮೂರು ಕವಲಾಗಿ ಬಿರಿದು ಪರಾಗ ಸ್ವೀಕರಿಸಲು ಸಿದ್ಧವಾಗುತ್ತದೆ. ತಾಯಿಯಾಗಬೇಕಾದ ಹೂವಿನಿಂದ ಆರೂ ಪರಾಗಕೋಶಗಳನ್ನು ಒಡೆಯುವ ಮುನ್ನವೇ ಚಿವುಟಿ ತೆಗೆದು, ಶಲಾಕಾಗ್ರ ಬಿರಿದ ಮೇಲೆ ಇನ್ನೊಂದು ಗಿಡದ ಪರಾಗವನ್ನು ಮೆತ್ತನೆಯ ಕುಂಚದಿಂದ ಸವರಿ, ಯಾವುದರ ಪರಾಗ, ಯಾವ ದಿನ ಎಂಬುದನ್ನು ಚೀಟಿಯಲ್ಲಿ ಬರೆದು ದಂಟಿಗೆ ಕಟ್ಟಬೇಕು. ಚೀಟಿ ಬರೆಯದ ಸಂಕರಣಕ್ಕೆ ನನ್ನ ದೃಷ್ಟಿಯಲ್ಲಿ ಅರ್ಧ ಬೆಲೆಯೂ ಇಲ್ಲ, ಏಕೆಂದರೆ ತಂದೆ ತಾಯಿ ತಿಳಿಯದ ಸಸಿ ಎಷ್ಟು ಸುಂದರವಾಗಿದ್ದರೂ ಅದರ ಮುಂದಿನ ಹೆಜ್ಜೆಯನ್ನು ಯೋಜಿಸಲು ಬರುವುದಿಲ್ಲ. ಎರಡು ಗಿಡಗಳು ಬೇರೆ ಬೇರೆ ವಾರಗಳಲ್ಲಿ ಅರಳುವುದಾದರೆ, ಪರಾಗವನ್ನು ಒಣಗಿಸಿ, ಸಿಲಿಕಾ ಜೆಲ್ ಜೊತೆ ಸಣ್ಣ ಡಬ್ಬಿಯಲ್ಲಿಟ್ಟು ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಕಾಪಾಡಬಹುದು.

ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಕಾಯಿ ಬಲಿತು ಮೂರು ಭಾಗವಾಗಿ ಬಿರಿಯುತ್ತದೆ. ಒಳಗೆ ಕಾಗದದಷ್ಟು ತೆಳುವಾದ ಕಪ್ಪು ಬೀಜಗಳು ಒತ್ತೊತ್ತಾಗಿ ಪೇರಿಸಿಕೊಂಡಿರುತ್ತವೆ. ಇವು ಬಹುಕಾಲ ಜೀವ ಹಿಡಿದಿರುವುದಿಲ್ಲವಾದ್ದರಿಂದ ಕೂಡಲೇ ಬಿತ್ತುವುದು ಲೇಸು. ಬೀಜದಿಂದ ಮೊದಲ ಹೂವಿನವರೆಗೆ ಸುಮಾರು 2ರಿಂದ 4 ವರ್ಷ ಕಾಯಬೇಕು. ಇಷ್ಟು ಕಾದ ಮೇಲೂ ಹೆಚ್ಚಿನ ಸಸಿಗಳು ತಂದೆ ತಾಯಿಗಳಿಗಿಂತ ಮೇಲಾಗಿರುವುದಿಲ್ಲ. ಬಣ್ಣ ಮಸುಕಾಗಿರಬಹುದು, ದಂಟು ಬಾಗಬಹುದು, ಮರಿಗೆಡ್ಡೆ ಕಟ್ಟುವ ಶಕ್ತಿ ಕಡಮೆಯಿರಬಹುದು. ಚೆನ್ನಾಗಿರುವುದನ್ನು ಉಳಿಸಿಕೊಂಡು ಉಳಿದವನ್ನು ಕೈಬಿಡುವ ಈ ಹಂತವೇ ಸಂಕರಣದ ಕಠಿಣ ಭಾಗ, ಏಕೆಂದರೆ ಇಲ್ಲಿ ಕೈಚಳಕಕ್ಕಿಂತ ತಾನು ಹುಡುಕುತ್ತಿರುವುದು ಏನೆಂಬ ಸ್ಪಷ್ಟ ಕಲ್ಪನೆಯೇ ಮುಖ್ಯವಾಗುತ್ತದೆ. ಬೀಜದ ದಾರಿಗೆ ಇನ್ನೊಂದು ಲಾಭವೂ ಇದೆ. ಎಲೆಯ ಮೇಲೆ ಹಳದಿ ಗೀರು ಮೂಡಿಸುವ ಮೊಸಾಯಿಕ್ ನಂಜುರೋಗ ಮರಿಗೆಡ್ಡೆಗಳ ಮೂಲಕ ತಲೆಮಾರಿನಿಂದ ತಲೆಮಾರಿಗೆ ದಾಟುತ್ತದೆ, ಬೀಜದ ಮೂಲಕ ಸಾಮಾನ್ಯವಾಗಿ ದಾಟುವುದಿಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಜೋಡಿಗಳು ಬೀಜ ಕಟ್ಟದಿರುವುದಕ್ಕೆ ಕಾರಣವನ್ನು ವರ್ಣತಂತುಗಳ, ಅಂದರೆ ಜೀವಕೋಶದಲ್ಲಿ ಆನುವಂಶಿಕ ಗುಣಗಳನ್ನು ಹೊತ್ತ ಎಳೆಗಳ, ಲೆಕ್ಕದಲ್ಲಿ ಹುಡುಕಬೇಕಾಗುತ್ತದೆ. ಹಿಪ್ಪಿಯಾಸ್ಟ್ರಮ್‌ನ ಬಹುತೇಕ ಕಾಡು ಪ್ರಭೇದಗಳಲ್ಲಿ 11ರ ಎರಡು ಕಂತೆಗಳಂತೆ 22 ವರ್ಣತಂತುಗಳಿದ್ದು ಅವು ದ್ವಿಗುಣಿತ ಎನಿಸುತ್ತವೆ. ಹಾಲೆಂಡಿನಿಂದ ಬರುವ ದೊಡ್ಡ ಹೂವಿನ ತಳಿಗಳಲ್ಲಿ ಹೆಚ್ಚಿನವು ನಾಲ್ಕು ಕಂತೆಗಳ, ಅಂದರೆ 44 ವರ್ಣತಂತುಗಳ, ಚತುರ್ಗುಣಿತಗಳು. ಪ್ರತಿ ಗಿಡವೂ ತನ್ನಲ್ಲಿರುವುದರ ಅರ್ಧವನ್ನಷ್ಟೇ ಬೀಜಕ್ಕೆ ಕೊಡುವುದರಿಂದ, ಒಂದರಿಂದ 11, ಇನ್ನೊಂದರಿಂದ 22 ಬಂದು ಸೇರಿದರೆ ಸಸಿಗೆ ಸಿಗುವುದು 33. ಇಂಥ ತ್ರಿಗುಣಿತ ಗಿಡದಲ್ಲಿ ವರ್ಣತಂತುಗಳು ಸಮವಾಗಿ ಜೋಡಿಯಾಗಲಾರವು, ಹಾಗಾಗಿ ಅದು ಬಹುಮಟ್ಟಿಗೆ ಬಂಜೆಯಾಗಿ ಉಳಿಯುತ್ತದೆ. ಆದರೂ ಅದು ಹೂ ಬಿಡುತ್ತದೆ, ಗೆಡ್ಡೆಯಿಂದ ವೃದ್ಧಿಯಾಗುತ್ತದೆ. ಕಾಶ್ಮೀರದ ಕೇಸರಿಯೂ ಇಂಥದೇ ತ್ರಿಗುಣಿತ. ಬೀಜ ಕಟ್ಟದ ಆ ಗಿಡವನ್ನು ಶತಮಾನಗಳಿಂದ ಗೆಡ್ಡೆಯ ಮೂಲಕವೇ ಬೆಳೆಸಿಕೊಂಡು ಬಂದಿದ್ದಾರೆ. ಚಿಟ್ಟೆಯಾಕಾರದ ಹಸಿರು ಮಿಶ್ರಿತ ಹೂವಿನ ಹಿಪ್ಪಿಯಾಸ್ಟ್ರಮ್ ಪಪಿಲಿಯೊ ಎಂಬ ಬ್ರೆಜಿಲಿನ ದ್ವಿಗುಣಿತ ಪ್ರಭೇದವನ್ನು ದೊಡ್ಡ ಹೂವಿನ ತಳಿಗಳೊಂದಿಗೆ ಕೂಡಿಸಲು ಹವ್ಯಾಸಿಗಳು ಪಡುವ ಪ್ರಯಾಸದ ಹಿಂದೆ ಇರುವುದೂ ಇದೇ ಲೆಕ್ಕ.

ಹೊಸ ತಳಿಗಳೆಲ್ಲ ಸಂಕರಣದಿಂದಲೇ ಬಂದವಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ನಮ್ಮ ಹೊಲಗಳಲ್ಲಿ ಬೆಳೆಯುವ ಸುಗಂಧರಾಜದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ರಜತರೇಖಾ ಮತ್ತು ಸ್ವರ್ಣರೇಖಾ ತಳಿಗಳು ಗೆಡ್ಡೆಗಳಿಗೆ ಗಾಮಾ ಕಿರಣ ಹಾಯಿಸಿ ಪಡೆದ ಉತ್ಪರಿವರ್ತಿತಗಳು. ಅಲ್ಲಿ ಬೆರಕೆ ಇಲ್ಲ, ಇದ್ದ ಗಿಡದಲ್ಲೇ ಆದ ಮಾರ್ಪಾಡು ಇದೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ತಳಿಗಳಾದರೋ ನಿಜವಾದ ಸಂಕರಗಳು.

ಸಂಕರ ಗಿಡವನ್ನು ಬರಹದಲ್ಲಿ ಗುರುತಿಸಲು ಗುಣಾಕಾರ ಚಿಹ್ನೆಯನ್ನು ಬಳಸುತ್ತಾರೆ, ಮತ್ತು ಜೋಡಿಯನ್ನು ಬರೆಯುವಾಗ ಬೀಜ ಕೊಟ್ಟ ತಾಯಿಯನ್ನು ಮೊದಲು, ಪರಾಗ ಕೊಟ್ಟ ತಂದೆಯನ್ನು ಆಮೇಲೆ ಬರೆಯುವುದು ತಳಿ ಅಭಿವೃದ್ಧಿಯಲ್ಲಿ ನಡೆದುಬಂದ ಪದ್ಧತಿ. ಆರಿಸಿ ಉಳಿಸಿಕೊಂಡ ಒಂದು ಸಸಿಗೆ ಇಡುವ ಹೆಸರು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರುತ್ತದೆ, ಅದು ಲ್ಯಾಟಿನ್ ರೂಪದಲ್ಲಿರಬಾರದು. ಹಿಪ್ಪಿಯಾಸ್ಟ್ರಮ್‌ನ ಹೊಸ ಹೆಸರುಗಳನ್ನು ನೆದರ್ಲೆಂಡ್ಸಿನ ಗೆಡ್ಡೆ ಬೆಳೆಗಾರರ ರಾಜಮಾನ್ಯ ಸಂಘವೂ, ಡ್ಯಾಫೊಡಿಲ್ ಮತ್ತು ಲಿಲ್ಲಿಗಳ ಹೆಸರುಗಳನ್ನು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯೂ ನೋಂದಾಯಿಸಿಕೊಳ್ಳುತ್ತವೆ. ಹವ್ಯಾಸಿಗಳೂ ಅರ್ಜಿ ಸಲ್ಲಿಸಬಹುದು. ಈ ಬರಹದ ಕ್ರಮ ತಿಳಿದವರಿಗೆ ಪ್ರಜ್ವಲ್ ತಳಿಯ ವಂಶಾವಳಿಯಲ್ಲಿ 'ಶೃಂಗಾರ್ × ಮೆಕ್ಸಿಕನ್ ಸಿಂಗಲ್' ಎಂದು ಕಂಡಾಗ, ಶೃಂಗಾರ್ ಬೀಜ ಕೊಟ್ಟ ಗಿಡ, ಮೆಕ್ಸಿಕನ್ ಸಿಂಗಲ್ ಪರಾಗ ಕೊಟ್ಟ ಗಿಡ ಎಂಬುದೂ, ಆ ಶೃಂಗಾರ್ ತಾನೇ ಒಂಟಿ ಸುತ್ತಿನ ಮತ್ತು ಜೋಡಿ ಸುತ್ತಿನ ಸುಗಂಧರಾಜಗಳ ಬೆರಕೆಯಾದ್ದರಿಂದ ಪ್ರಜ್ವಲ್‌ನಲ್ಲಿ ಎರಡು ತಲೆಮಾರಿನ ಸಂಕರಣ ಸೇರಿದೆ ಎಂಬುದೂ ಒಂದೇ ಸಾಲಿನಲ್ಲಿ ತಿಳಿದುಬಿಡುತ್ತದೆ.