ಹನ್ನೊಂದನೆಯವರಿಗೆ ಪಾಲಿಲ್ಲ

ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಯಲ್ಲಿ ಹೆಸರಾದ ಚಾಲಕರು ಮೊದಲು ಹೊರಡುತ್ತಾರೆ. ಹೊಸಬರ ಸರದಿ ಬರುವ ಹೊತ್ತಿಗೆ ಕೆಮ್ಮಣ್ಣಿನ ದಾರಿ ಕೊರೆದುಹೋಗಿ, ತಿರುವುಗಳಲ್ಲಿ ಕಲ್ಲು ಎದ್ದಿರುತ್ತದೆ. ಟೈರು, ಶಾಕ್ ಅಬ್ಸಾರ್ಬರ್ ಹೆಚ್ಚು ಹಾಳಾಗುವುದು ಅವರದೇ, ಪ್ರಾಯೋಜಕರಿಲ್ಲದವರೂ ಅವರೇ. ಕಾಫಿ ಮಾರಿದ ದುಡ್ಡಿನಲ್ಲಿ ಕಾರು ಸಜ್ಜುಗೊಳಿಸುವ ನಮ್ಮ ಮಲೆನಾಡಿನ ಹುಡುಗರ ಕಷ್ಟ ಬಲ್ಲವರಿಗೆ ಫಾರ್ಮುಲಾ ಒನ್‌ನ ಹೊಸ ತಂಡಗಳ ಪಾಡು ಬೇಗ ಅರ್ಥವಾಗುತ್ತದೆ. ಅಲ್ಲಿ ಮೊತ್ತಗಳು ದೊಡ್ಡವು, ಅಷ್ಟೆ.

ಪ್ರವೇಶಕ್ಕೇ ಹಣ ಕಟ್ಟಿಸಿಕೊಳ್ಳುವ ಪದ್ಧತಿ ಹೊಸದಲ್ಲ. 2002ರಲ್ಲಿ ಕಣಕ್ಕಿಳಿದ ಟೊಯೋಟಾ ಅದಕ್ಕೂ ಮೊದಲೇ 4.8 ಕೋಟಿ ಡಾಲರ್ ಠೇವಣಿ ಇಡಬೇಕಾಯಿತು. ಅಂಥ ಕಂಪನಿಗೆ ಅದು ಹೊರೆಯಲ್ಲ. ನಿಜವಾದ ಅನ್ಯಾಯ ನಡೆದದ್ದು 2009ರಲ್ಲಿ. ವರ್ಷದ ಖರ್ಚಿಗೆ 4 ಕೋಟಿ ಪೌಂಡ್ ಮಿತಿ ಹಾಕುವುದಾಗಿ ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎ ಹೇಳಿತು. ಆ ಲೆಕ್ಕ ನಂಬಿ ಹೊಸಬರು ಅರ್ಜಿ ಹಾಕಿದರು. ದೊಡ್ಡ ತಂಡಗಳು ಬೇರೆಯೇ ಪಂದ್ಯಾವಳಿ ನಡೆಸುವುದಾಗಿ ಬೆದರಿಸಿದ ಮೇಲೆ ಮಿತಿಯ ಮಾತು ಬಿದ್ದುಹೋಯಿತು. ಹೊಸಬರು ಮಾತ್ರ ಒಪ್ಪಂದದಲ್ಲಿ ಸಿಕ್ಕಿಬಿದ್ದರು.

ಪರಿಣಾಮವನ್ನು 2010ರ ಬಹ್ರೈನ್‌ನಲ್ಲಿ ಎಲ್ಲರೂ ಕಂಡರು. ಆ ಹೊಸಬರಲ್ಲೊಂದಾದ ಹಿಸ್ಪಾನಿಯಾ ತಂಡದ ಸಿಬ್ಬಂದಿ ನಮ್ಮ ಕರುಣ್ ಚಾಂಧೋಕ್ ಅವರ ಕಾರನ್ನು ಗ್ಯಾರೇಜಿನಲ್ಲೇ ಜೋಡಿಸುತ್ತಿದ್ದರು. ಅಭ್ಯಾಸದ ಒಂದು ಸುತ್ತೂ ಸಿಗದೆ, ಅರ್ಹತಾ ಸುತ್ತಿನಲ್ಲೇ ಅವರು ಆ ಕಾರನ್ನು ಮೊದಲ ಬಾರಿಗೆ ಓಡಿಸಿದರು. ಚಾಲಕನನ್ನು ದೂರುವುದಕ್ಕೆ ಅಲ್ಲಿ ಏನಿತ್ತು? ಆ ತಂಡ 2012ರ ಕೊನೆಗೆ ಮುಚ್ಚಿತು. 2010ರಲ್ಲಿ ಬಂದ ಮೂರು ಹೊಸ ತಂಡಗಳಲ್ಲಿ ಒಂದೂ ಇಂದು ಉಳಿದಿಲ್ಲ.

ಅವುಗಳಲ್ಲಿ ಹೆಚ್ಚು ಕಾಲ ಬಾಳಿದ ತಂಡ, ಕೊನೆಗೆ ಮ್ಯಾನರ್ ಎಂಬ ಹೆಸರಿನಲ್ಲಿ ಓಡಿದ್ದು, ಹಣದ ಹಂಚಿಕೆಯ ಕ್ರೌರ್ಯವನ್ನು ಪೂರ್ತಿ ಉಂಡಿತು. ಬಹುಮಾನದ ದೊಡ್ಡ ಪಾಲು ಮೊದಲ ಹತ್ತು ಸ್ಥಾನಗಳಿಗೆ ಮೀಸಲಾಗಿತ್ತು. 2016ರಲ್ಲಿ ಹನ್ನೊಂದು ತಂಡಗಳಿದ್ದವು. ಮ್ಯಾನರ್ ಒಂದು ಅಂಕದೊಡನೆ ಹತ್ತನೆಯ ಸ್ಥಾನ ಹಿಡಿದುಕೊಂಡಿತ್ತು. ಬ್ರೆಜಿಲ್‌ನ ಮಳೆಯಲ್ಲಿ, ಕೊನೆಯಲ್ಲಿದ್ದ ಸೌಬರ್ ತಂಡದ ಫೆಲಿಪೆ ನಾಸರ್ ಒಂಬತ್ತನೆಯವರಾಗಿ ಎರಡು ಅಂಕ ಗಳಿಸಿದರು. ಮ್ಯಾನರ್ ಹನ್ನೊಂದಕ್ಕೆ ಇಳಿಯಿತು, ಕೋಟಿಗಟ್ಟಲೆ ಹಣ ಕೈತಪ್ಪಿತು, ಮರುವರ್ಷದ ಆರಂಭದಲ್ಲೇ ಕಾರ್ಖಾನೆಗೆ ಬೀಗ ಬಿತ್ತು.

ಅದೇ 2016ರಲ್ಲಿ ಬಂದ ಹಾಸ್ ಉಳಿದದ್ದು ಬೇರೆ ಹಾದಿಯಿಂದ. ಎಂಜಿನ್ ಮತ್ತು ನಿಯಮ ಒಪ್ಪುವಷ್ಟು ಬಿಡಿಭಾಗಗಳನ್ನು ಫೆರಾರಿಯಿಂದ ಕೊಂಡಿತು, ಕಾರಿನ ಚೌಕಟ್ಟಾದ ಚಾಸಿಯನ್ನು ಇಟಲಿಯ ಡಲ್ಲಾರಾ ಕಂಪನಿಗೆ ವಹಿಸಿತು. ಮೊದಲ ಓಟದಲ್ಲೇ ಆರನೆಯ ಸ್ಥಾನ. ಎಲ್ಲವನ್ನೂ ತಾನೇ ಮಾಡುತ್ತೇನೆಂದು ಹೊರಡುವ ಬಡ ತಂಡಕ್ಕೆ ಇದಕ್ಕಿಂತ ವಿವೇಕದ ದಾರಿ ನನಗೆ ಕಾಣುವುದಿಲ್ಲ.

ಖರ್ಚಿನ ಮಿತಿ ಕೊನೆಗೂ 2021ರಲ್ಲಿ ಬಂತು, 14.5 ಕೋಟಿ ಡಾಲರ್. ಆದರೆ ಅದೇ ಹೊತ್ತಿಗೆ ಹೊಸ ತಂಡ 20 ಕೋಟಿ ಡಾಲರ್ ಶುಲ್ಕ ಕಟ್ಟಬೇಕೆಂಬ ಷರತ್ತೂ ಬಂತು. ತಮ್ಮ ಪಾಲು ಕರಗುತ್ತದೆ ಎನ್ನುವ ಹಳಬರಿಗೆ ಅದು ಪರಿಹಾರ. ಅಮೆರಿಕದ ಆಂಡ್ರೆಟಿ ತಂಡಕ್ಕೆ 2023ರಲ್ಲಿ ಎಫ್‌ಐಎ ಒಪ್ಪಿಗೆ ಕೊಟ್ಟರೂ, ಪೈಪೋಟಿ ನೀಡಲಾರದು ಎಂದು ಪಂದ್ಯಾವಳಿಯ ವಾಣಿಜ್ಯ ಹಕ್ಕುದಾರರು 2024ರ ಜನವರಿಯಲ್ಲಿ ಬಾಗಿಲು ಹಾಕಿದರು. ಜನರಲ್ ಮೋಟರ್ಸ್ ನೇರವಾಗಿ ಮುಂದೆ ಬಂದ ಮೇಲೆ ಅದೇ ಯೋಜನೆ ಕ್ಯಾಡಿಲಾಕ್ ಹೆಸರಿನಲ್ಲಿ 2026ಕ್ಕೆ ಹನ್ನೊಂದನೆಯ ತಂಡವಾಯಿತು. ಶುಲ್ಕ 45 ಕೋಟಿ ಡಾಲರ್ ಎಂದು ವರದಿಯಾಗಿದೆ. ಹಳೆಯ ಹತ್ತು ತಂಡಗಳು ಸಮನಾಗಿ ಹಂಚಿಕೊಂಡರೆ ಒಂದೊಂದಕ್ಕೂ 4.5 ಕೋಟಿ.