ನಾಲ್ಕು ಕೊಂಬಿನ ರೂಟರ್ ತಂದರೆ ಒಳಕೋಣೆಗೆ ವೈಫೈ ಬರುತ್ತದೆಯೇ?

ಪ್ರಶ್ನೆ: ನಮ್ಮದು ಮೂವತ್ತು-ನಲವತ್ತರ ಸೈಟಿನ ಮನೆ. 100 ಎಂಬಿಪಿಎಸ್‌ನ ಫೈಬರ್ ಸಂಪರ್ಕವಿದೆ. ಹಾಲ್‌ನಲ್ಲಿ ವೈಫೈ ಚೆನ್ನಾಗಿದೆ, ಒಳಗಿನ ಮಲಗುವ ಕೋಣೆಯಲ್ಲಿ ವಿಡಿಯೊ ಕರೆ ನಿಂತು ನಿಂತು ಬರುತ್ತದೆ, ಮಹಡಿಯಲ್ಲಂತೂ ಇಲ್ಲವೇ ಇಲ್ಲ. ಈಗಿರುವ ಎರಡು ಆಂಟೆನಾದ ರೂಟರ್ ತೆಗೆದು ನಾಲ್ಕೋ ಆರೋ ಆಂಟೆನಾ ಇರುವುದನ್ನು ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗುವುದಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೆಂಬ ಲೆಕ್ಕ ನನಗೇ ತಪ್ಪಿಹೋಗಿದೆ. ಉತ್ತರ ಓದಿದವರಲ್ಲಿ ಕೆಲವರು ಮುಂದಿನ ವಾರವೇ ಆರು ಆಂಟೆನಾದ ರೂಟರ್ ಕೊಂಡು ತಂದು, ಒಳಕೋಣೆಯಲ್ಲಿ ಇನ್ನೂ ಸಿಗ್ನಲ್ ಇಲ್ಲವಲ್ಲ ಎಂದು ಮತ್ತೆ ನನಗೇ ಬರೆಯುತ್ತಾರೆ. ಆದ್ದರಿಂದ ಈ ಸಲ ಸ್ವಲ್ಪ ಬುಡದಿಂದಲೇ ಹೇಳುತ್ತೇನೆ.

ಆಂಟೆನಾ ಹೆಚ್ಚಿದಷ್ಟೂ ಸಿಗ್ನಲ್ ದೂರ ಹೋಗುತ್ತದೆಂಬ ನಂಬಿಕೆ ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ದೂರದರ್ಶನದ ಕಾಲದಲ್ಲಿ ಮನೆಯ ಮಾಡಿನ ಮೇಲೆ ಕೊಳವೆ ನಿಲ್ಲಿಸಿ ಆಂಟೆನಾ ಕಟ್ಟಿದವರಿಗೆ, ಕಡ್ಡಿಗಳು ಹೆಚ್ಚಿದ್ದ ಮನೆಯಲ್ಲಿ ಚಿತ್ರ ಸ್ಪಷ್ಟವಾಗಿ ಮೂಡುತ್ತಿದ್ದುದು ನೆನಪಿದೆ. ಅದು ಸುಳ್ಳೇನಲ್ಲ. ಆದರೆ ಅಲ್ಲಿ ಕಡ್ಡಿಗಳೆಲ್ಲ ಸೇರಿ ಒಂದೇ ಆಂಟೆನಾ ಆಗಿದ್ದವು, ಮತ್ತು ಆ ಆಂಟೆನಾ ಉಳಿದ ದಿಕ್ಕುಗಳನ್ನೆಲ್ಲ ಬಿಟ್ಟುಕೊಟ್ಟು ಪ್ರಸಾರ ಗೋಪುರವಿದ್ದ ಒಂದೇ ದಿಕ್ಕಿಗೆ ಕಿವಿಗೊಟ್ಟು ಕೂರುತ್ತಿದ್ದುದರಿಂದ ಅದಕ್ಕೆ ಆ ಬಲ ಬರುತ್ತಿತ್ತು. ಗಾಳಿಗೆ ಅದು ಸ್ವಲ್ಪ ತಿರುಗಿದರೂ ಚಿತ್ರ ಹೋಗುತ್ತಿದ್ದುದು ಇದೇ ಕಾರಣಕ್ಕೆ. ಮನೆಯ ಎಲ್ಲ ಕೋಣೆಗಳಿಗೂ ಹಂಚಬೇಕಾದ ರೂಟರ್ ಹಾಗೆ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುವಂತಿಲ್ಲ.

ರೂಟರಿನ ಕಡ್ಡಿಗಳ ಕಥೆಯೇ ಬೇರೆ. ಪೆಟ್ಟಿಗೆಯ ಮೇಲೆ ‘ಎಸಿ 1200’ ಎಂದು ಬರೆದಿರುವ ನಾಲ್ಕು ಆಂಟೆನಾದ ಸಾಮಾನ್ಯ ರೂಟರಿನಲ್ಲಿ ಎರಡು ಆಂಟೆನಾಗಳು ವೈಫೈ ಅಲೆಗಳ 2.4 ಗಿಗಾಹರ್ಟ್ಸ್ ಪಟ್ಟಿಗೆ (ಬ್ಯಾಂಡ್) ಮೀಸಲು, ಉಳಿದೆರಡು 5 ಗಿಗಾಹರ್ಟ್ಸ್ ಪಟ್ಟಿಗೆ. ಆ 1200 ಎಂಬ ಸಂಖ್ಯೆಯೂ ಮೊದಲನೆಯ ಪಟ್ಟಿಯ 300 ಮತ್ತು ಎರಡನೆಯದರ 867 ಎಂಬ ಕಾಗದದ ಮೇಲಿನ ವೇಗಗಳನ್ನು ಕೂಡಿ, ಬಂದ 1167ನ್ನು ಮೇಲಕ್ಕೆ ಹೊಂದಿಸಿ ಬರೆದದ್ದು. ನಿಮ್ಮ ಫೋನು ಒಂದು ಹೊತ್ತಿಗೆ ಒಂದೇ ಪಟ್ಟಿಯಲ್ಲಿ ಇರುವುದರಿಂದ ಅದರ ಪಾಲಿಗೆ ಅದು ಎರಡೇ ಆಂಟೆನಾದ ರೂಟರ್. ಎರಡಾದರೂ ಏಕೆ ಬೇಕೆಂದರೆ, 2009ರಲ್ಲಿ ಅಂಗೀಕಾರವಾದ 802.11ಎನ್ ಎಂಬ ವೈಫೈ ಮಾನದಂಡದಿಂದೀಚೆಗೆ ಎರಡು ಆಂಟೆನಾಗಳು ಒಂದೇ ಹೊತ್ತಿನಲ್ಲಿ ಎರಡು ಬೇರೆ ಬೇರೆ ಮಾಹಿತಿಯ ಧಾರೆಗಳನ್ನು ಕಳಿಸಬಲ್ಲವು. ಇದು ರಸ್ತೆಯನ್ನು ಅಗಲ ಮಾಡಿದಂತೆ. ಅಗಲವಾದ ಮಾತ್ರಕ್ಕೆ ರಸ್ತೆ ಮುಂದಿನ ಊರಿನವರೆಗೆ ಹೋಗುವುದಿಲ್ಲ. ಅದೂ ಅಲ್ಲದೆ ಬಹುತೇಕ ಫೋನುಗಳಲ್ಲಿ ವೈಫೈಗೆ ಇರುವುದು ಎರಡೇ ಆಂಟೆನಾ, ಅಗ್ಗದವುಗಳಲ್ಲಿ ಒಂದೇ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವನ್ನೇ ಕೊಡುತ್ತೇನೆ. ಸಿಗ್ನಲಿನ ಏರಿಳಿತವನ್ನು ಡೆಸಿಬೆಲ್‌ನಲ್ಲಿ ಎಣಿಸುತ್ತಾರೆ. 3 ಡೆಸಿಬೆಲ್ ಏರಿದರೆ ಬಲ ಎರಡರಷ್ಟಾಗುತ್ತದೆ, 10 ಡೆಸಿಬೆಲ್ ಇಳಿದರೆ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ಒಂದೇ ಪಟ್ಟಿಯಲ್ಲಿ ಎರಡಿದ್ದ ಆಂಟೆನಾಗಳು ನಾಲ್ಕಾಗಿ, ನಾಲ್ಕೂ ಒಗ್ಗಟ್ಟಿನಿಂದ ನಿಮ್ಮ ಕೋಣೆಯ ಕಡೆಗೇ ದುಡಿದವೆಂದು ಉದಾರವಾಗಿ ಒಪ್ಪಿಕೊಂಡರೂ, ಒಟ್ಟು ಶಕ್ತಿ ಅಷ್ಟೇ ಇರುವಾಗ ಸಿಗುವ ಲಾಭ ಸುಮಾರು 3 ಡೆಸಿಬೆಲ್. ಒಂಬತ್ತಿಂಚಿನ ಇಟ್ಟಿಗೆ ಗೋಡೆಯೊಂದು ಅದಕ್ಕಿಂತ ಹೆಚ್ಚನ್ನು ಸಲೀಸಾಗಿ ಕಸಿದುಕೊಳ್ಳುತ್ತದೆ. ಕಬ್ಬಿಣದ ಸರಳು ಹಾಸಿದ ಆರ್‌ಸಿಸಿ ತಾರಸಿ 10-15 ಡೆಸಿಬೆಲ್ ನುಂಗಿ ಸುಮ್ಮನಿರುತ್ತದೆ. ಹಾಗಾದರೆ ಶಕ್ತಿಯನ್ನೇ ಹೆಚ್ಚಿಸಬಾರದೇ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನ ಹಂಗಿನಿಂದ ಬಿಡಿಸಿದಾಗಲೇ ಆಂಟೆನಾದ ಲಾಭವನ್ನೂ ಸೇರಿಸಿ ಒಟ್ಟು 4 ವಾಟ್‌ನ ಮಿತಿ ಹಾಕಿದೆ, ಮತ್ತು ಆ ಮಿತಿ ಕಡ್ಡಿಗಳನ್ನು ಎಣಿಸಿ ಹೆಚ್ಚುವುದಿಲ್ಲ.

ಅಷ್ಟು ಶಕ್ತಿ ಕೊಟ್ಟರೂ ಕೆಲಸ ಆಗುವುದಿಲ್ಲ ಎಂಬುದೇ ಈ ಪುರಾಣಕ್ಕೆ ನಿಜವಾದ ಮುಕ್ತಾಯ. ವೈಫೈ ಎಂಬುದು ಆಕಾಶವಾಣಿಯಂತೆ ಒಮ್ಮುಖದ ಪ್ರಸಾರವಲ್ಲ. ರೂಟರ್ ಕಳಿಸಿದ ಮಾಹಿತಿ ತಲುಪಿತೆಂದು ಫೋನು ಆಗಾಗ್ಗೆ ಓಗೊಡಬೇಕು. ಓಗೊಡದಿದ್ದರೆ ರೂಟರ್ ಅದನ್ನೇ ಮತ್ತೆ ಕಳಿಸುತ್ತದೆ. ಫೋನು ಹೊರಡಿಸುವ ಶಕ್ತಿಯೋ ಸಾಮಾನ್ಯವಾಗಿ ಒಂದು ವಾಟಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಸಭೆಯಲ್ಲಿ ಮೈಕ್ ಹಿಡಿದವರ ಮಾತು ಕೊನೆಯ ಸಾಲಿಗೂ ಕೇಳಿಸುತ್ತದೆ, ಕೊನೆಯ ಸಾಲಿನವರು ಕೇಳಿದ ಪ್ರಶ್ನೆ ಮಾತ್ರ ವೇದಿಕೆಗೆ ಮುಟ್ಟುವುದಿಲ್ಲ. ಇನ್ನೂ ದೊಡ್ಡ ಧ್ವನಿವರ್ಧಕ ತಂದರೆ ಅದು ಮುಟ್ಟೀತೇ? ‘ಫೋನಿನಲ್ಲಿ ಕಡ್ಡಿ ಪೂರ್ತಿ ತೋರಿಸುತ್ತದೆ, ನೆಟ್ ಮಾತ್ರ ಓಡುವುದಿಲ್ಲ’ ಎಂಬ ದೂರಿಗೆ ಅನೇಕ ಸಲ ಇದೇ ಕಾರಣ.

ಹೆಚ್ಚು ಆಂಟೆನಾದಿಂದ ಏನೂ ಉಪಯೋಗವಿಲ್ಲವೆಂದು ನಾನು ಹೇಳುತ್ತಿಲ್ಲ. ಒಂದೇ ಪಟ್ಟಿಯಲ್ಲಿ ನಿಜವಾಗಿಯೂ ನಾಲ್ಕು ಆಂಟೆನಾ ಇರುವ ರೂಟರ್ ಫೋನಿನ ಕ್ಷೀಣವಾದ ಉತ್ತರವನ್ನು ಸ್ವಲ್ಪ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ, ಮನೆಯಲ್ಲಿ ಹತ್ತಿಪ್ಪತ್ತು ಉಪಕರಣಗಳಿದ್ದರೆ ಅವುಗಳನ್ನು ನಿಭಾಯಿಸಲೂ ಅನುಕೂಲ. ಒಳಕೋಣೆಯ ಗೋಡೆಗೆ ಅದು ಮದ್ದಲ್ಲ ಎಂಬುದಷ್ಟೇ ನನ್ನ ಮಾತು.

ಇರುವ ಎರಡು ಆಂಟೆನಾಗಳನ್ನಾದರೂ ಸರಿಯಾಗಿ ನಿಲ್ಲಿಸಿದ್ದೀರೋ ನೋಡಿ. ನೆಟ್ಟಗೆ ನಿಂತ ಕಡ್ಡಿಯ ಸುತ್ತ ಅಲೆಗಳು ಹರಡುವ ಆಕಾರ ಉದ್ದಿನ ವಡೆಯದು: ಕಡ್ಡಿ ವಡೆಯ ತೂತಿನಲ್ಲಿದೆ, ಅಲೆಗಳು ಸುತ್ತಲಿನ ಅಂಚಿನ ಕಡೆಗೆ ಹೋಗುತ್ತವೆ, ಕಡ್ಡಿಯ ತುದಿಯ ನೇರಕ್ಕೆ ಹೋಗುವುದು ತೀರ ಕಡಿಮೆ. ಬಂದೂಕು ಗುರಿಯಿಟ್ಟಂತೆ ಆಂಟೆನಾದ ತುದಿಯನ್ನು ಮಲಗುವ ಕೋಣೆಯ ಕಡೆಗೆ ಬಾಗಿಸುವವರು ತಮ್ಮ ಕೋಣೆಯನ್ನು ವಡೆಯ ತೂತಿನ ನೇರಕ್ಕೆ ಇಡುತ್ತಿದ್ದಾರೆ. ಒಂದೇ ಅಂತಸ್ತಿನ ಮನೆಯಲ್ಲಿ ಎಲ್ಲವೂ ನೆಟ್ಟಗಿರಲಿ. ಮಹಡಿಗೂ ಬೇಕೆಂದರೆ ಪ್ರತಿ ಪಟ್ಟಿಯ ಒಂದು ಆಂಟೆನಾವನ್ನು ಅಡ್ಡ ಮಲಗಿಸಿ.

ಇತ್ತೀಚೆಗೆ ಬಂಧುಗಳೊಬ್ಬರ ಮನೆಗೆ ಹೋಗಿದ್ದಾಗ ಇದೇ ದೂರು ಕೇಳಿ ಫೋನು ಹಿಡಿದು ಅಳೆಯುತ್ತಾ ನಡೆದೆ. ರೂಟರ್ ಟಿವಿಯ ಹಿಂದೆ, ನೆಲಕ್ಕೆ ಹತ್ತಿರದಲ್ಲಿತ್ತು. ಫೈಬರ್ ಎಳೆಯಲು ಬಂದ ಹುಡುಗನಿಗೆ ಕಿಟಕಿಯ ತೂತಿನಿಂದ ಅದೇ ಹತ್ತಿರವಾಗಿತ್ತು. ಹಾಲ್‌ನ ಸೋಫಾದ ಬಳಿ ಮೈನಸ್ 42 ಡಿಬಿಎಂ, ಒಳಕೋಣೆಯ ಮಂಚದ ಮೇಲೆ ಮೈನಸ್ 76 (ಡೆಸಿಬೆಲ್ ಲೆಕ್ಕದ ಈ ಅಳತೆ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿದೆ ಎಂದರ್ಥ). ನಡುವೆ ಏನಿದೆಯೆಂದು ನೋಡಿದರೆ ಒಂದು ಗೋಡೆ, ಅದಕ್ಕೊರಗಿಸಿ ಆಳೆತ್ತರದ ಕಬ್ಬಿಣದ ಬೀರು, ಬೀರುವಿನ ಬಾಗಿಲಿಗೆ ನಿಲುಗನ್ನಡಿ. ಲೋಹದ ಹಾಳೆ ಅಲೆಯನ್ನು ಹಿಂದಕ್ಕೆ ಅಟ್ಟುತ್ತದೆ, ಕನ್ನಡಿಯ ಹಿಂಬದಿಯ ಲೇಪವೂ ಲೋಹವೇ. ಬೀರುವನ್ನು ನಾವು ಅಲುಗಾಡಿಸಲಿಲ್ಲ. ರೂಟರನ್ನು ಓಣಿಯಂತಿದ್ದ ಪ್ಯಾಸೇಜಿನ ಶೆಲ್ಫಿನ ಮೇಲೆ, ತಲೆಯೆತ್ತರಕ್ಕಿಂತ ತುಸು ಮೇಲೆ ಇಟ್ಟೆವು. ಅಲೆಗಳಿಗೆ ಬೀರುವಿನ ಬದಲು ತೆರೆದ ಬಾಗಿಲು ಸಿಕ್ಕಿತು, ಮಂಚದ ಮೇಲೆ ಮೈನಸ್ 58 ಆಯಿತು. ಹದಿನೆಂಟು ಡೆಸಿಬೆಲ್, ಅಂದರೆ ಅರವತ್ತರಷ್ಟು ಬಲ! ಖರ್ಚಾದದ್ದು ಹತ್ತು ಅಡಿ ಹೆಚ್ಚುವರಿ ಫೈಬರ್ ತಂತಿ ಮತ್ತು ಎರಡು ಮೊಳೆ.

ಮಹಡಿಗೆ ಮಾತ್ರ ಈ ಉಪಾಯ ಸಾಲದು. ತಾರಸಿಯ ಮೇಲಕ್ಕೆ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ಒಂದನ್ನು ಎಳೆಸಿ, ಕೆಳಗೆ ಸಾಮಾನ್ಯವಾದ ಇನ್ನೊಂದು ರೂಟರ್ ಹಾಕಿ, ನೀವು ಬಿಸಾಡಲು ಹೊರಟಿದ್ದ ಹಳೆಯದನ್ನು ಮೇಲಿಡಿ. ಗೋಡೆಗೆ ಚುಚ್ಚುವ ಸಿಗ್ನಲ್ ವಿಸ್ತರಕಗಳನ್ನು ನಾನು ಸೂಚಿಸುವುದಿಲ್ಲ. ಒಂದೇ ಚಾನೆಲಿನಲ್ಲಿ ಕೇಳಿದ್ದನ್ನೇ ಮತ್ತೆ ಹೇಳಬೇಕಾದ ಅಗ್ಗದ ವಿಸ್ತರಕದಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡನೆಯ ರೂಟರಿನ ಸಂಯೋಜನೆ ಹೀಗೆ: ಕೆಳಗಿನದರ ವಿಳಾಸ 192.168.1.1 ಆಗಿದ್ದರೆ ಮೇಲಿನದಕ್ಕೆ 192.168.1.2 ಕೊಟ್ಟು, ಅದರ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಕೇಬಲನ್ನು ಹೊರಗಿನ ಇಂಟರ್‌ನೆಟ್ಟಿಗೆಂದಿರುವ ‘ವ್ಯಾನ್’ ಕಿಂಡಿಗಲ್ಲದೆ ಮನೆಯೊಳಗಿನ ಉಪಕರಣಗಳಿಗೆಂದಿರುವ ‘ಲ್ಯಾನ್’ ಕಿಂಡಿಗೆ ಚುಚ್ಚಬೇಕು. ಡಿಎಚ್‌ಸಿಪಿ ಎಂದರೆ ಮನೆಯ ಉಪಕರಣಗಳಿಗೆ ವಿಳಾಸ ಹಂಚುವ ಕೆಲಸ. ಎರಡೂ ರೂಟರುಗಳು ಹಂಚಲು ಕುಳಿತರೆ, ಒಂದೇ ಬೀದಿಯ ಮನೆಗಳಿಗೆ ಇಬ್ಬರು ಗುಮಾಸ್ತರು ತಮಗೆ ತೋಚಿದ ನಂಬರು ಬರೆದಂತಾಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ. 2.4 ಗಿಗಾಹರ್ಟ್ಸ್‌ನ ಚಾನೆಲ್ ಮಾತ್ರ ಬೇರೆಯಾಗಬೇಕು: ಕೆಳಗೆ 1 ಆದರೆ ಮೇಲೆ 6 ಅಥವಾ 11, ಏಕೆಂದರೆ ಒಂದರ ಮೇಲೊಂದು ಬೀಳದೆ ಒಟ್ಟಿಗೆ ನಡೆಯುವ ಚಾನೆಲುಗಳು ಈ ಮೂರು.

ಇಷ್ಟು ಮಾಡಲು ರೂಟರಿನ ಪುಟ ತೆರೆದಿದ್ದೀರಿ ಎಂದ ಮೇಲೆ, ಒಳಹೋಗುವ ‘ಅಡ್ಮಿನ್’ ಪಾಸ್‌ವರ್ಡನ್ನು ಬದಲಿಸಿ, ಭದ್ರತೆಯನ್ನು ಡಬ್ಲ್ಯುಪಿಎ 2 ಅಥವಾ 3ಕ್ಕೆ ಇಟ್ಟು, ಪಾಸ್‌ವರ್ಡ್ ಬರೆಯದೆಯೇ ಉಪಕರಣಗಳನ್ನು ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಎಂಬ ಸೌಲಭ್ಯವನ್ನು ಮುಚ್ಚಿಬಿಡಿ. ಅದರ ಎಂಟಂಕಿಯ ಪಿನ್ ಸಂಖ್ಯೆಯನ್ನು ರೂಟರ್ ಎರಡು ತುಂಡಾಗಿ ಪರೀಕ್ಷಿಸುವುದರಿಂದ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಅದು ಸಿಕ್ಕಿಬೀಳುತ್ತದೆಂದು 2011ರಲ್ಲೇ ಬಯಲಾಗಿದೆ.

ಇಷ್ಟು ಬರೆದ ಮೇಲೆ, ಯಾರೂ ಕೇಳದಿದ್ದರೂ ನನಗೆ ಬಹಳ ದಿನದಿಂದ ಹೇಳಬೇಕೆನಿಸಿರುವ ಒಂದು ವಿಷಯವಿದೆ. ಕರೆಂಟ್ ಹೋದ ಕೂಡಲೇ ಇಂಟರ್‌ನೆಟ್ ಹೋಯಿತೆಂದು ಕೈಕಟ್ಟಿ ಕೂರುತ್ತೀರಲ್ಲ, ಅದು ಏಕೆ ಹೋಗಬೇಕು? ಮನೆಗೆ ಬರುವ ಫೈಬರಿನಲ್ಲಿ ಹರಿಯುವುದು ಬೆಳಕು. ನಿಜವಾದ ‘ಪಾನ್’ (PON) ಮಾದರಿಯ ಫೈಬರ್ ಜಾಲದಲ್ಲಿ ಸೇವಾದಾತರ ಕೇಂದ್ರದಿಂದ ನಿಮ್ಮ ಗೋಡೆಯವರೆಗೆ ಕರೆಂಟ್ ಬೇಡುವ ಉಪಕರಣ ಒಂದೂ ಇಲ್ಲ. ನಡುವೆ ಬೆಳಕನ್ನು ಹಲವು ಮನೆಗಳಿಗೆ ಸೀಳಿ ಕೊಡುವ ಸ್ಪ್ಲಿಟರ್ ಕೂಡ ಬರಿಯ ಗಾಜು. ಕೇಂದ್ರಕ್ಕೆ ಬ್ಯಾಟರಿಯ ಬೆಂಬಲವಿದ್ದರೆ ಬೆಳಕು ನಿಮ್ಮ ಮನೆಯವರೆಗೆ ಬಂದೇ ಇರುತ್ತದೆ, ಬಂದದ್ದನ್ನು ಬರಮಾಡಿಕೊಳ್ಳುವ ಒಎನ್‌ಟಿ ಪೆಟ್ಟಿಗೆ ಮತ್ತು ರೂಟರ್ ಸತ್ತಿರುತ್ತವೆ. ಇವೆರಡಕ್ಕೂ ಸೇರಿ ಬೇಕಾದದ್ದು ಹೆಚ್ಚೆಂದರೆ ಹದಿನೈದು-ಇಪ್ಪತ್ತು ವಾಟ್. ಇದಕ್ಕೆಂದೇ 12 ವೋಲ್ಟಿನ ಪುಟ್ಟ ಯುಪಿಎಸ್‌ಗಳು ಸಿಗುತ್ತವೆ, ಮತ್ತು ಮನೆಯಲ್ಲಿ ಇನ್ವರ್ಟರ್ ಇದ್ದರೂ ಇವು ಬೇಕಾಗಬಹುದು, ಏಕೆಂದರೆ ಇನ್ವರ್ಟರ್ ಹೊಣೆ ಹೊರುವ ಆ ಅರೆಗಳಿಗೆಯಲ್ಲಿ ರೂಟರ್ ಆರಿ, ಮತ್ತೆ ಎದ್ದು ಕೂರಲು ಎರಡು ಮೂರು ನಿಮಿಷ ತೆಗೆದುಕೊಳ್ಳುವುದುಂಟು.

ಕೊಳ್ಳುವ ಮುನ್ನ ಎರಡೂ ಅಡಾಪ್ಟರುಗಳ ಹೊಟ್ಟೆಯ ಮೇಲಿನ ಅಕ್ಷರಗಳನ್ನು ಓದಿಕೊಳ್ಳಿ. ಎಲ್ಲ ರೂಟರುಗಳೂ 12 ವೋಲ್ಟಿನವಲ್ಲ, 9 ವೋಲ್ಟಿನವೂ 5 ವೋಲ್ಟಿನವೂ ಇವೆ. ಪಿನ್ ಹೊಂದಿತೆಂದು ಚುಚ್ಚಿದರೆ ರೂಟರ್ ಸುಟ್ಟೀತು. ಪ್ಲಸ್ ಒಳಗಿದೆಯೋ ಹೊರಗಿದೆಯೋ ಎಂಬ ಪುಟ್ಟ ಚಿತ್ರವನ್ನೂ, ಆಂಪಿಯರ್ ಎಷ್ಟೆಂಬುದನ್ನೂ ನೋಡಿ. ಇನ್ನೊಂದು ಪರೀಕ್ಷೆಯನ್ನು ದುಡ್ಡು ಕೊಡುವ ಮೊದಲೇ ಮಾಡಬಹುದು. ಕೆಲವು ಊರುಗಳಲ್ಲಿ ಕೇಬಲ್‌ನವರು ಕಂಬದ ಮೇಲಿನ ಡಬ್ಬಿಯಲ್ಲಿ ಕರೆಂಟ್ ಬೇಡುವ ಸ್ವಿಚ್ ಇಟ್ಟಿರುತ್ತಾರೆ. ಮುಂದಿನ ಸಲ ಬೀದಿಯ ಕರೆಂಟ್ ಹೋದಾಗ ಒಎನ್‌ಟಿಯನ್ನು ಇನ್ವರ್ಟರ್ ಇರುವ ಪ್ಲಗ್ಗಿಗೆ ಚುಚ್ಚಿ ಐದು ನಿಮಿಷ ಕಾಯಿರಿ: ಪಾನ್ ದೀಪ ಹಸಿರಾಗಿ ನಿಂತರೆ ಯುಪಿಎಸ್ ಕೊಳ್ಳಿ, ಬೆಳಕು ಬರುತ್ತಿಲ್ಲವೆನ್ನುವ ‘ಲಾಸ್’ (LOS) ದೀಪ ಕೆಂಪಗೆ ಮಿಣುಕಿದರೆ ಕತ್ತಲಾಗಿರುವುದು ಅವರ ಕಡೆಯಲ್ಲಿ, ನಿಮ್ಮ ಯುಪಿಎಸ್‌ನಿಂದ ಅಲ್ಲಿಗೆ ದೀಪ ಹತ್ತುವುದಿಲ್ಲ.