ನೋವು ಹೋಗಬೇಕು, ಕಾಲು ಆಡಬೇಕು

ದಾವಣಗೆರೆ ಎಪಿಎಂಸಿಯಲ್ಲಿ ಮೂವತ್ತು ವರ್ಷ ಚೀಲ ಹೊತ್ತ ನಮ್ಮ ಮಾವನಿಗೆ ಬೆನ್ನಿನ ಆಪರೇಷನ್ ಆದ ಸಂಜೆ, ವಾರ್ಡಿಗೆ ಬಂದ ಸರ್ಜನ್ ಮೊದಲು ಗಾಯ ನೋಡಲಿಲ್ಲ. ಹೊದಿಕೆ ಸರಿಸಿ, "ಯಜಮಾನ್ರೇ, ಎಲ್ಲಿ, ಕಾಲಿನ ಹೆಬ್ಬೆರಳು ಮ್ಯಾಲೆ ಎತ್ರಿ" ಅಂದರು. ಮಾವ ಹಲ್ಲು ಕಚ್ಚಿಕೊಂಡು ಎತ್ತಿದರು. ನರಕ್ಕೆ ಪೆಟ್ಟಾಗಿಲ್ಲ ಅಂತ ಡಾಕ್ಟರಿಗೆ ಸಮಾಧಾನ. ಮಾವನಿಗೆ ಮಾತ್ರ ಮಗ್ಗಲು ಬದಲಿಸಲೂ ಆಗದಷ್ಟು ನೋವು.

ನೋವಿನ ಕಥೆಯ ಗಂಟು ಇರುವುದು ಆ ಹೆಬ್ಬೆರಳಲ್ಲೇ.

ದೇಹದ ಒಂದು ಜಾಗವನ್ನಷ್ಟೇ ಮರಗಟ್ಟಿಸುವ ವಿದ್ಯೆ ಹೊಸದಲ್ಲ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣಿನ ನೋವು ತಡೆದರು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಅದನ್ನೇ ಬೆನ್ನಿನೊಳಕ್ಕೆ ಚುಚ್ಚಿದರು. ಪರೀಕ್ಷೆಗೆಂದು ತಾವೂ ಚುಚ್ಚಿಸಿಕೊಂಡು, ಸಹಾಯಕ ಹಿಲ್ಡೆಬ್ರಾಂಟ್‌ಗೂ ಸೂಜಿ ಹಾಕಿ, ಆತನ ಮೊಣಕಾಲ ಕೆಳಗಿನ ಎಲುಬಿಗೆ ಸುತ್ತಿಗೆಯಿಂದ ಹೊಡೆದರು. ಆತನಿಗೆ ನೋವೇ ಆಗಲಿಲ್ಲ. ಆಮೇಲೆ ಇಬ್ಬರಿಗೂ ತಲೆ ಸಿಡಿಯುವಷ್ಟು ನೋವು. ನಮ್ಮೂರ ಹೆಂಗಸರು ಸಿಸೇರಿಯನ್ ಆದ ಮೇಲೆ "ಬೆನ್ನಿನ ಸೂಜಿ" ಅಂತ ಬೈಯುವುದು ಈ ಸೂಜಿಯ ವಂಶದ್ದನ್ನೇ. (ಎಲ್ಲ ಬೆನ್ನುನೋವನ್ನೂ ಅದರ ತಲೆಗೆ ಕಟ್ಟುವುದು ಅನ್ಯಾಯ.)

ಬೆನ್ನುಹುರಿಯ ಹತ್ತಿರ ಔಷಧ ಬಿಟ್ಟರೆ ನೋವೇನೋ ಹೋಗುತ್ತದೆ. ಜೊತೆಗೆ ಕಾಲೂ ಸೋಲಬಹುದು. ಹೆಬ್ಬೆರಳು ಏಳದಿದ್ದರೆ ಅದು ಔಷಧದಿಂದಲೋ, ಒಳಗೆ ರಕ್ತ ಹೆಪ್ಪುಗಟ್ಟಿ ನರ ಒತ್ತಿದ್ದರಿಂದಲೋ? ಆ ಸಂಶಯದಲ್ಲಿ ಗಂಟೆ ಕಳೆದರೆ ಕಾಲೇ ಹೋಗಬಹುದು. ಹಾಗಾಗಿ ಅನೇಕ ಸರ್ಜನ್‌ಗಳು ಆ ದಾರಿಗೆ ಹಿಂಜರಿದರು.

ಉಳಿದದ್ದು ಮಾರ್ಫಿನ್ ಜಾತಿಯ ಔಷಧಗಳು. ವಾಕರಿಕೆ, ಮಲಬದ್ಧತೆ, ಉಸಿರು ಮಂದವಾಗುವ ಭಯ ಜೊತೆಗೇ ಬಂದವು. ಮಾದಕ ವಸ್ತುಗಳಿಗೆ ಕಡಿವಾಣ ಹಾಕುವ 1985ರ ಎನ್‌ಡಿಪಿಎಸ್ ಕಾಯ್ದೆ ಬಂದ ಮೇಲೆ ನಮ್ಮ ದೇಶದಲ್ಲಿ ಮಾರ್ಫಿನ್ ಇಟ್ಟುಕೊಳ್ಳುವುದೇ ಲೈಸೆನ್ಸುಗಳ ತಲೆನೋವಾಯಿತು. 2014ರ ತಿದ್ದುಪಡಿ ಗಂಟನ್ನು ಸ್ವಲ್ಪ ಸಡಿಲಿಸಿತು. ಮಾರ್ಫಿನ್ ಜಾತಿಯದೇ ಆದ ನೋವಿನ ಔಷಧ ಟ್ರಮಡಾಲ್ ಕೂಡ 2018ರಲ್ಲಿ ಅದೇ ಕಾಯ್ದೆಯಡಿ ಬಂತು.

ದಾರಿ ತೆರೆದದ್ದು ಅಲ್ಟ್ರಾಸೌಂಡ್. ಸೂಜಿ ಎಲ್ಲಿ ಹೋಗುತ್ತಿದೆ ಅನ್ನುವುದು ಪರದೆ ಮೇಲೆ ಕಾಣತೊಡಗಿದ ಮೇಲೆ, ನರವನ್ನೇ ಹುಡುಕದೆ ಸ್ನಾಯುಗಳ ನಡುವಿನ ಪದರಕ್ಕೆ ಔಷಧ ಬಿಡಬಹುದು ಅನ್ನಿಸಿತು. 2016ರಲ್ಲಿ ಕೆನಡಾದ ಮೌರಿಸಿಯೊ ಫೊರೆರೊ ತಂಡ ಎದೆಯ ಹಳೇ ನರನೋವಿಗೆಂದು ಎರೆಕ್ಟರ್ ಸ್ಪೈನೆ ಬ್ಲಾಕ್ (ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಸ್ನಾಯುವಿನ ಅಡಿ ಹಾಕುವ ಮರಗಟ್ಟಿಸುವ ಸೂಜಿ) ವಿವರಿಸಿತು. ಬೆನ್ನೆಲುಬಿನಿಂದ ಪಕ್ಕಕ್ಕೆ ಚಾಚಿದ ಎಲುಬಿನ ತುದಿಗೆ ಸೂಜಿ ತಾಗಿಸಿ, ಮೇಲಿನ ಸ್ನಾಯುವಿನ ಅಡಿ ಬ್ಯುಪಿವಕೇನ್‌ನಂಥ ಮರಗಟ್ಟಿಸುವ ಔಷಧ ಬಿಡುತ್ತಾರೆ. ಬೆನ್ನುಮೂಳೆ ಆಪರೇಷನ್ ಮಾಡುವವರು ಇದನ್ನು ಬೇಗ ಎತ್ತಿಕೊಂಡರು. ಬೆನ್ನಿನ ಸ್ನಾಯು, ಚರ್ಮಕ್ಕೆ ಹೋಗುವ ಹಿಂಬದಿಯ ನರದ ಕವಲು ಮಂಕಾಗುತ್ತದೆ; ಕಾಲಿನ ಬಲ ಸಾಮಾನ್ಯವಾಗಿ ಉಳಿಯುತ್ತದೆ.

ಪವಾಡವೇನಲ್ಲ. ಔಷಧ ಎಷ್ಟು ದೂರ ಹರಡುತ್ತದೆ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಪ್ರಮಾಣ ಮೀರಿ ರಕ್ತಕ್ಕೆ ಸೇರಿದರೆ ಫಿಟ್ಸ್ ಬರಬಹುದು, ಹೃದಯದ ಲಯ ತಪ್ಪಬಹುದು. ಲಾಭ ಹೆಚ್ಚಾಗಿ ಮೊದಲ ದಿನದ್ದು.

ಕಳೆದ ವರ್ಷ ಚನ್ನಗಿರಿ ಕಡೆಯ ನೆಂಟರೊಬ್ಬರಿಗೆ ಬೆನ್ನಿನ ಆಪರೇಷನ್ನಿನಲ್ಲಿ ಈ ಬ್ಲಾಕ್ ಹಾಕಿದ್ದರು. ಸಂಜೆ ಹೆಬ್ಬೆರಳೂ ಎತ್ತಿದರು, ಮಂಡಕ್ಕಿ ತರ್ತೀಯಾ ಅಂತಲೂ ಕೇಳಿದರು. ನಡುರಾತ್ರಿ ಔಷಧದ ಗುಣ ಇಳಿಯುವ ಮುಂಚೆಯೇ ಸಿಸ್ಟರ್ ಎಬ್ಬಿಸಿ ಮಾತ್ರೆ ನುಂಗಿಸಿದಾಗ, "ನೋವೇ ಇಲ್ಲಲ್ಲವ್ವಾ, ಯಾಕಿದು?" ಅಂತ ಗೊಣಗಿದರು.